ಭಾನುವಾರ ಮರೆತವರ ಫ್ರಾನ್ಸ್ ಪ್ಲಾನು

ನನ್ನ ಗಂಡನನ್ನು ಕಂಪನಿಯವರು ಫ್ರಾನ್ಸಿನ ಗ್ರೆನೋಬಲ್ ಎಂಬ ಊರಿಗೆ ಐದು ದಿನದ ತರಬೇತಿಗೆ ಕಳಿಸುತ್ತಿದ್ದಾರೆ ಎಂಬ ಸುದ್ದಿ ಬಂದಾಗ ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆ ಬರ್ ದುಬೈನ ಒಂದು ಹಳೆಯ ಕಟ್ಟಡದ ಆರನೆಯ ಮಹಡಿಯಲ್ಲಿತ್ತು. ಅವರು ದಿನಾ ಜೆಬೆಲ್ ಅಲಿಗೆ ಹೋಗಿ ಬರುವ ಎಲೆಕ್ಟ್ರಿಕಲ್ ಎಂಜಿನಿಯರು. ಬೂಟು ಬಿಚ್ಚುತ್ತಾ, ಹಾಲು ತರಲು ಮರೆತೆ ಎನ್ನುವಷ್ಟೇ ಸಲೀಸಾಗಿ ವಿಷಯ ಹೇಳಿದರು.

"ಜುಲೈನಲ್ಲಿ. ಸೋಮವಾರದಿಂದ ಶುಕ್ರವಾರ. ಆಮೇಲೆ ಬೇಕಿದ್ರೆ ಒಂದು ವಾರ ರಜ ಹಾಕ್ಕೋ ಅಂದಿದಾರೆ. ವಾಪಸ್ ಟಿಕೆಟ್ ನೀಸ್‌ನಿಂದ ಮಾಡಿಸಿದಾರೆ, ಅದೇ ಅಗ್ಗವಂತೆ."

"ಶುಕ್ರವಾರಾನೂ ತರಬೇತೀನಾ? ಒಂದು ದಿನಾನೂ ಬಿಡಲ್ವಾ ಪಾಪಿಗಳು?" ಎಂದೆ. ಅವರೂ ನಿಟ್ಟುಸಿರು ಬಿಟ್ಟರು. ನಾವಿಬ್ಬರೂ ಆ ಫ್ರೆಂಚ್ ಕಂಪನಿಯನ್ನು ಬೈದುಕೊಂಡು ಮುಂದಿನ ಮಾತಿಗೆ ಹೋದೆವು. ಆ ಸಂಜೆ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ತಲೆ ಓಡಿದ್ದರೆ ಮುಂದಿನ ಪಜೀತಿ ತಪ್ಪುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ನಾನು ಮಗಳ ಶಾಲೆಯ ಅಟ್ಲಾಸ್ ತೆಗೆದು ನೋಡಿದೆ. ಗ್ರೆನೋಬಲ್ ಬೆಟ್ಟದ ಮಧ್ಯೆ, ನೀಸ್ ಸಮುದ್ರದ ದಡದಲ್ಲಿ. ನಡುವೆ ಪೂರಾ ಬೆಟ್ಟ. ಹದಿನೈದು ವರ್ಷ ಗಲ್ಫಿನಲ್ಲಿದ್ದು ನಾವು ರಜೆ ಎಂದರೆ ಮೈಸೂರು ಬಿಟ್ಟು ಇನ್ನೊಂದು ಊರಿಗೆ ಹೋದವರಲ್ಲ. ಸೂಟ್‌ಕೇಸಿನ ತುಂಬ ಸೋಪು, ಸೆಂಟು, ಖರ್ಜೂರ ತುಂಬಿಕೊಂಡು ಹೋಗುವುದು, ನಲವತ್ತು ಮನೆಗೆ ಹಂಚುವುದು, ಇಪ್ಪತ್ತು ಮನೆಯಲ್ಲಿ "ಯಾಕೆ ಇಷ್ಟು ಕಪ್ಪಾಗಿದ್ದೀಯ" ಎಂದು ಕೇಳಿಸಿಕೊಂಡು ಬರುವುದು. ಅದನ್ನು ರಜೆ ಎನ್ನುತ್ತಿದ್ದರು.

"ನಾನೂ ಮಗಳೂ ಬರ್ತೀವಿ," ಎಂದೆ. "ಗ್ರೆನೋಬಲ್‌ನಿಂದ ನೀಸ್‌ವರೆಗೆ ಕಾರಲ್ಲಿ ಹೋಗೋಣ. ಕಾರು ನಾನು ಓಡಿಸ್ತೀನಿ."

ಅವರು ನಕ್ಕರು. ಸಣ್ಣದಾಗಿ ಅಲ್ಲ, ಅನ್ನ ನೆತ್ತಿಗೇರುವಷ್ಟು. ನಾನು ನೀರಿನ ಲೋಟ ಅವರ ಕಡೆ ತಳ್ಳಿ ಕಾದು ಕೂತೆ.

ಆ ನಗು ನನಗೆ ಎಲ್ಲಿ ನಾಟಿತು ಎಂದು ಹೇಳಬೇಕು. ನನ್ನ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ವೀಸಾದ ಮೇಲೆ 'ಗೃಹಿಣಿ, ಕೆಲಸ ಮಾಡಲು ಅನುಮತಿ ಇಲ್ಲ' ಎಂದು ಬರೆದಿತ್ತು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು. ಹದಿನೈದು ವರ್ಷದಲ್ಲಿ ನಾನೇ ಸಂಪಾದಿಸಿದ ಒಂದೇ ಒಂದು ಸರ್ಕಾರಿ ಕಾಗದವೆಂದರೆ ದುಬೈನ ಡ್ರೈವಿಂಗ್ ಲೈಸೆನ್ಸು. ಅದಕ್ಕೂ ಗಂಡನಿಂದ 'ನನ್ನ ಆಕ್ಷೇಪಣೆ ಇಲ್ಲ' ಎಂಬ ಪತ್ರ ಬೇಕಿತ್ತು. ಅದಾದ ಮೇಲೆ ಏಳು ಸಲ ಪರೀಕ್ಷೆ. ಆರು ಸಲ ಫೇಲು. ಹೇಳಿಕೊಡುತ್ತಿದ್ದ ಪಠಾಣ ಮೇಷ್ಟ್ರು ಪ್ರತಿ ಸಲವೂ "ಖಲಾಸ್, ಅಗ್ಲೇ ಮಹೀನೇ" ಎಂದು ಮುಂದಿನ ತಿಂಗಳಿಗೆ ದೂಡಿ, ಬಾಗಿಲು ತೆಗೆದು ಮನೆಗೆ ಬಿಡುತ್ತಿದ್ದರು. ಏಳನೆಯ ಸಲ ಪಾಸಾದಾಗ ಅವರಿಗೇ ಕಣ್ಣು ತುಂಬಿತ್ತು. ಲೈಸೆನ್ಸು ಬಂದು ಮೂರು ವರ್ಷವಾಗಿತ್ತು. ನಾನು ಮಗಳನ್ನು ಶಾಲೆಗೆ ಬಿಡಲು, ತರಕಾರಿ ತರಲು ಕಾರು ಓಡಿಸುತ್ತಿದ್ದೆ. ಆದರೆ ಗಂಡ ಕಾರಿನಲ್ಲಿದ್ದರೆ ಸ್ಟೀರಿಂಗು ಅವರದ್ದೇ, ಒಂದು ದಿನವೂ ತಪ್ಪಿದ್ದಿಲ್ಲ.

ನೀರು ಕುಡಿದು ಅವರು ತೀರ್ಪು ಕೊಟ್ಟರು. "ನೋಡು, ಮೊದಲು ಪ್ಲಾನ್ ಕಾಗದದ ಮೇಲೆ ಬರಲಿ. ದಿನ ದಿನದ್ದೂ. ನಾನು ಚೆಕ್ ಮಾಡ್ತೀನಿ. ಹೆಂಗೂ ವೀಸಾಗೂ ಅದು ಬೇಕು. ಒಂದು ತಪ್ಪು ಸಿಕ್ಕಿದ್ರೂ ನೀನೂ ಮಗಳೂ ಸೀದಾ ಮೈಸೂರು. ಇನ್ನು ಓಡಿಸೋದು, ಅದೆಲ್ಲ ಬೆಟ್ಟದ ದಾರಿ, ನಾನೇ ಓಡಿಸ್ತೀನಿ."

"ಪ್ಲಾನ್ ಆಗಲಿ. ಓಡಿಸೋದು ಆಮೇಲೆ ನೋಡೋಣ," ಎಂದೆ. ಮನಸ್ಸಿನಲ್ಲಿ ಮಾತ್ರ ಪಟ್ಟು ಹಿಡಿದಾಗಿತ್ತು. ಫ್ರಾನ್ಸ್ ನೋಡುವುದು ಎಷ್ಟು ಮುಖ್ಯವೋ, ಈ ಮನುಷ್ಯ ಪಕ್ಕದ ಸೀಟಿನಲ್ಲಿ ಕೂತು ನೋಡುವುದು ನನಗೆ ಅಷ್ಟೇ ಮುಖ್ಯವಾಗಿತ್ತು.

ಪುಸ್ತಕದಂಗಡಿಯಲ್ಲಿ ಫ್ರಾನ್ಸಿನ ಆ ಭಾಗದ ರಸ್ತೆ ನಕ್ಷೆ ಸಿಕ್ಕಿತು. ಊಟದ ಮೇಜಿನ ಮೇಲೆ ಹಾಸಿದರೆ ಎರಡು ಕಡೆಯೂ ಇಳಿಬೀಳುವಷ್ಟು ದೊಡ್ಡದು. ಅದರಲ್ಲಿ ಕೆಲವು ರಸ್ತೆಗಳ ಪಕ್ಕದಲ್ಲಿ ಮಾತ್ರ ಹಸಿರು ಗೆರೆ, ಸೀರೆಗೆ ಅಂಚು ಕೊಟ್ಟ ಹಾಗೆ. ಮೂಲೆಯ ವಿವರಣೆಯನ್ನು ಮಗಳು ಓದಿ ಹೇಳಿದಳು: ಹಸಿರು ಅಂಚು ಇದ್ದರೆ ನೋಡಲು ಚೆಂದದ ದಾರಿ ಎಂದು. ನಾನು ಅಂದೇ ನಿರ್ಧಾರ ಮಾಡಿದೆ. ಅಂಚಿಲ್ಲದ ದಾರಿಯಲ್ಲಿ ಗತ್ಯಂತರವಿಲ್ಲದೆ ಒಂದು ಕಿಲೋಮೀಟರೂ ಹೋಗುವುದಿಲ್ಲ.

ಮೊದಲ ಪ್ಲಾನು ಒಂದೇ ದಿನದಲ್ಲಿ ಮುಗಿದಿತ್ತು. ದುಬೈನಿಂದ ಅಬುಧಾಬಿಗೆ ನೂರೈವತ್ತು ಕಿಲೋಮೀಟರು, ಒಂದೂವರೆ ಗಂಟೆ. ಗ್ರೆನೋಬಲ್‌ನಿಂದ ನೀಸ್‌ಗೆ ಮುನ್ನೂರು ಚಿಲ್ಲರೆ. ಹಾಗಾದರೆ ಮೂರೂವರೆ ಗಂಟೆ ಎಂದು ಬರೆದೆ. ಗಣಿತದ ಎಂ.ಎಸ್ಸಿ.! ಮಗಳು ಆ ಕಾಗದ ನೋಡಿ, ನಕ್ಷೆ ನೋಡಿ, "ಅಮ್ಮ, ದಿಸ್ ರೋಡ್ ಈಸ್ ಲೈಕ್ ಶಾವಿಗೆ," ಎಂದಳು. ನಿಜ, ಒರಳಿನಿಂದ ಒತ್ತಿದ ಶಾವಿಗೆ ತಟ್ಟೆಗೆ ಬಿದ್ದ ಹಾಗೆ ಇತ್ತು ದಾರಿ. ನಾನು ಹೊಲಿಗೆಯ ಡಬ್ಬಿಯಿಂದ ಕೆಂಪು ದಾರ ತೆಗೆದು, ನಕ್ಷೆಯ ಪ್ರತಿ ತಿರುವಿನ ಮೇಲೂ ಬೆರಳಿನಿಂದ ಒತ್ತಿ ಒತ್ತಿ ಕೂರಿಸಿ, ಆಮೇಲೆ ಎಳೆದು ಟೇಪಿನಲ್ಲಿ ಅಳೆದೆ. ಬೆಟ್ಟದ ದಾರಿಗೆ ಗಂಟೆಗೆ ನಲವತ್ತು ಕಿಲೋಮೀಟರು ಎಂದು ಹಿಡಿದೆ. ಏಳು ದಿನದ ಪ್ರಯಾಣ ಹಾಗೆ ಹುಟ್ಟಿತು: ಸಿಸ್ತೆರೋನ್ ಊರಿನ ಹತ್ತಿರ ಒಂದು ಹಳ್ಳಿಯಲ್ಲಿ ಎರಡು ರಾತ್ರಿ, ಆಮೇಲೆ ವಲಾನ್ಸೋಲ್‌ನ ಲ್ಯಾವೆಂಡರ್ ಹೊಲ, ಹಸಿರು ನೀರಿನ ಸರೋವರ, ವೆರ್ದೋನ್ ನದಿಯ ಕಂದರ, ಕೊನೆಗೆ ಇಳಿದು ಇಳಿದು ಸಮುದ್ರ.

ಮಗಳಿಗೆ ಶಾಲೆಯಲ್ಲಿ ಎರಡನೆಯ ಭಾಷೆ ಫ್ರೆಂಚ್. ಕನ್ನಡ ಬಿಟ್ಟು ಅದನ್ನು ತೆಗೆದುಕೊಂಡಳಲ್ಲ ಎಂದು ನಾನು ನಾಲ್ಕು ವರ್ಷ ಕೊರಗಿದ್ದೆ. ಈಗ ದೇವರೇ ಹಾಗೆ ಮಾಡಿಸಿದ ಎನ್ನಿಸಿತು. ಪುಟ್ಟ ಪುಟ್ಟ ಹೋಟೆಲುಗಳಿಗೆ ಅವಳು ಪತ್ರ ಬರೆಯುವುದು, ನಾನು ಅದನ್ನು ಬೀದಿ ಕೊನೆಯ ಟೈಪಿಂಗ್ ಸೆಂಟರಿನಿಂದ ಫ್ಯಾಕ್ಸ್ ಮಾಡಿಸುವುದು. ಸೆಂಟರಿನವರು ಉಡುಪಿ ಕಡೆಯವರು. ವೀಸಾ ಅರ್ಜಿಗಳನ್ನು ಅರಬ್ಬಿಯಲ್ಲಿ ಟೈಪು ಮಾಡಿ ಮಾಡಿ ಬೇಸತ್ತಿದ್ದ ಅವರಿಗೆ ನಮ್ಮ ಫ್ಯಾಕ್ಸೇ ಮನರಂಜನೆ.

"ಅಕ್ಕ, ಇದ್ರಲ್ಲಿ ಎಂತ ಬರ್ದದ್ದು?"

"ನಾವು ಮಾಂಸ, ಮೀನು, ಮೊಟ್ಟೆ ಮೂರೂ ತಿನ್ನಲ್ಲ ಅಂತ."

"ಮೀನೂ ಇಲ್ವಾ? ಹಾಗಾದ್ರೆ ಅವ್ರು ನಿಮ್ಗೆ ಎಂತ ಕೊಡುದು ಮಾರಾಯ್ರೆ, ಹುಲ್ಲಾ?"

ಹಳ್ಳಿಯ ಹೋಟೆಲಿನ ಒಡತಿಗೂ ಅದೇ ಸಂಶಯ ಬಂದಿರಬೇಕು. ಅವರ ಉತ್ತರ ಕೈಬರಹದಲ್ಲಿ ಬಂತು. ಟ್ರೌಟ್ ಎಂಬ ಮೀನು ಬಹಳ ಚಿಕ್ಕದು, ಅದೂ ಆಗುವುದಿಲ್ಲವೇ ಎಂದು ಕೇಳಿದ್ದರು. ಮಗಳು ಆಗುವುದಿಲ್ಲ, ಆಲೂಗಡ್ಡೆ ಆಗುತ್ತದೆ ಎಂದು ಬರೆದಳು. ಮುಂದಿನ ಫ್ಯಾಕ್ಸಿನಲ್ಲಿ ಒಂದು ಆಲೂಗಡ್ಡೆಯ ಚಿತ್ರ, ಅದರ ಕೆಳಗೆ 'ನಿಮ್ಮ ತಾಯಿಗೆ ನನ್ನ ಅಡುಗೆಮನೆಯನ್ನೇ ಬಿಟ್ಟುಕೊಡುತ್ತೇನೆ' ಎಂಬ ಮಾತು. ನೋಡದ ಆ ಹೆಂಗಸಿನ ಮೇಲೆ ನನಗೆ ಆಗಲೇ ಅಕ್ಕರೆ ಹುಟ್ಟಿತ್ತು.

ಇನ್ನು ಗಂಡನ ವಿಷಯ. ಅವರ ಆಫೀಸಿನಲ್ಲಿ ಡ್ರಾಯಿಂಗುಗಳನ್ನು ಪಾಸು ಮಾಡುವ ಒಂದು ಪದ್ಧತಿ ಇದೆ. ಪ್ರತಿ ತಿದ್ದುಪಡಿಗೂ ರಿವಿಷನ್ ನಂಬರು. ಸರಿಯಿಲ್ಲದ ಜಾಗದ ಸುತ್ತ ಕೆಂಪು ಶಾಯಿಯಲ್ಲಿ ಮೋಡ ಬರೆದು ವಾಪಸು ಕಳಿಸುವುದು. ಎಲ್ಲ ಸರಿಯಾದ ಮೇಲೆ 'ಚೆಕ್ಡ್ ಅಂಡ್ ಅಪ್ರೂವ್ಡ್' ಎಂದು ಬರೆದು ಸಹಿ. ಅದೇ ಪದ್ಧತಿಯನ್ನು ಅವರು ಊಟದ ಮೇಜಿಗೂ ತಂದರು. ಪೆಟ್ರೋಲಿಗೆ ಎಷ್ಟು ಕಿಲೋಮೀಟರಿಗೊಮ್ಮೆ ನಿಲ್ಲುವುದು ಎಂದು ಬರೆದಿಲ್ಲ, ಮೋಡ. ಮೊಸರು ಎಲ್ಲಿ ಕೊಳ್ಳುವುದು ಎಂದಿಲ್ಲ, ಮೋಡ. ಅಲ್ಲಿ ಸಿಗುವುದು ಗೇರಿನ ಕಾರು, ನಿನಗೆ ಆಟೋಮ್ಯಾಟಿಕ್ ಮಾತ್ರ ಅಭ್ಯಾಸ, ದೊಡ್ಡ ಮೋಡ. ಈ ಕೊನೆಯದಕ್ಕೆ ನಾನು ಬಾಯಿಮಾತಿನ ಉತ್ತರ ಕೊಡಲಿಲ್ಲ. ಗೇರಿನ ಸಣ್ಣ ಕಾರೊಂದನ್ನು ಬಾಡಿಗೆಗೆ ತೆಗೆದುಕೊಂಡು, ಮಗಳನ್ನು ಕೂರಿಸಿಕೊಂಡು, ಮಸಾಫಿಯಿಂದ ಫುಜೈರಾಗೆ ಇಳಿಯುವ ಬೆಟ್ಟದ ತಿರುವುಗಳಲ್ಲಿ ಮೂರು ಸಲ ಹತ್ತಿ ಇಳಿದು ಬಂದೆ. ಮೈಲೇಜಿನ ಚೀಟಿಯನ್ನು ಪ್ಲಾನಿಗೆ ಪಿನ್ನು ಹೊಡೆದು ಇಟ್ಟೆ. ಅವರು ಓದಿ, ಆ ಮೋಡವನ್ನು ಹೊಡೆದುಹಾಕಿದರು.

ಪ್ಲಾನಿನ ಮೊದಲ ಪುಟದ ಮೊದಲ ಸಾಲು 'ಕಾರು ಚಾಲನೆ: ನಾನು' ಎಂದಿತ್ತು. ಪ್ರತಿ ರಿವಿಷನ್ನಿನಲ್ಲೂ ಅವರು ಅದನ್ನು ಹೊಡೆದು ತಮ್ಮ ಹೆಸರು ಬರೆಯುತ್ತಿದ್ದರು. ಮುಂದಿನ ರಿವಿಷನ್ನಿನಲ್ಲಿ ನಾನು ಮತ್ತೆ ನನ್ನದನ್ನು ಬರೆಯುತ್ತಿದ್ದೆ. ಇದರ ಬಗ್ಗೆ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಮಗಳು ಮಾತ್ರ ಇಬ್ಬರ ಮುಖವನ್ನೂ ನೋಡಿ ಕಣ್ಣು ತಿರುಗಿಸುತ್ತಿದ್ದಳು.

ಮೂರನೆಯ ರಿವಿಷನ್ನನ್ನು ಅವರು ಒಂದು ಇಡೀ ಶುಕ್ರವಾರ ಕೂತು ಓದಿದರು. ಆರು ಪುಟ. ಚಾಲಕರ ಹೆಸರನ್ನು ಯಥಾಪ್ರಕಾರ ತಿದ್ದಿ, ಬೇರೆ ಎಲ್ಲೂ ಕೆಂಪು ಹಾಕಲು ಜಾಗ ಸಿಗದೆ, ಆರೂ ಪುಟಕ್ಕೆ 'ಚೆಕ್ಡ್ ಅಂಡ್ ಅಪ್ರೂವ್ಡ್' ಎಂದು ಸಹಿ ಹಾಕಿದರು. ನಾನು ಅವತ್ತು ಪಾಯಸ ಮಾಡಿದೆ. ಪ್ರತಿ ರಿವಿಷನ್ನಿನ ಜೆರಾಕ್ಸು ತೆಗೆಸುತ್ತಿದ್ದ ಟೈಪಿಂಗ್ ಸೆಂಟರಿನಿಂದಲೇ, ಮಗಳು ಫ್ರೆಂಚಿಗೆ ತಿರುಗಿಸಿದ ಒಂದು ಪ್ರತಿಯನ್ನು ಹಳ್ಳಿಯ ಒಡತಿಗೂ ಫ್ಯಾಕ್ಸ್ ಮಾಡಿಸಿದೆ. ಅಬುಧಾಬಿಯ ವೀಸಾ ಕಚೇರಿಯಲ್ಲಿ ನಮಗೆ ಮುಂದಿನ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಸಮಯ ಕೊಟ್ಟಿದ್ದರು.

ಗುರುವಾರ ಸಂಜೆ ಟೈಪಿಂಗ್ ಸೆಂಟರಿನಿಂದ ಫೋನು. "ಅಕ್ಕ, ಫ್ರಾನ್ಸಿಂದ ಕಾಗದ ಬಂದುಂಟು. ಆಲೂಗಡ್ಡೆ ಅಮ್ಮಂದೇ. ಈ ಸಲ ತುಂಬಾ ಬರ್ದಿದಾರೆ."

ಅಲ್ಲೇ ಕೌಂಟರಿನ ಮುಂದೆ ನಿಂತು ಮಗಳು ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. ಒಡತಿ ಬರೆದಿದ್ದು ಇಷ್ಟು: ಮೇಡಂ, ನೀವು ಭಾನುವಾರ ಸಂಜೆ ಬರುತ್ತೀರಿ ಎಂದು ಬರೆದಿದ್ದೀರಿ. ಭಾನುವಾರ ಸಂಜೆ ನಮ್ಮಲ್ಲಿ ಅಡುಗೆ ಇಲ್ಲ. ಅದು ಹೋಗಲಿ, ಭಾನುವಾರ ಬೆಳಿಗ್ಗೆ ನಿಮಗೆ ಗ್ರೆನೋಬಲ್‌ನಲ್ಲಿ ಕಾರು ಕೊಡುವವರು ಯಾರು? ಬ್ಯಾಂಕು ಯಾರು ತೆರೆಯುತ್ತಾರೆ? ದಾರಿಯಲ್ಲಿ ಪೆಟ್ರೋಲು ಯಾರು ಹಾಕುತ್ತಾರೆ? ಹಾಗೆಯೇ, ಶುಕ್ರವಾರ ಎಲ್ಲ ಮುಚ್ಚಿರುವುದರಿಂದ ಗುರುವಾರವೇ ಬ್ರೆಡ್ ಕೊಂಡಿಡುತ್ತೇವೆ ಎಂದಿದ್ದೀರಿ. ಶುಕ್ರವಾರ ನಮ್ಮಲ್ಲಿ ಏನಾಗುತ್ತದೆ ಎಂದು ನಾನು ಬಹಳ ಯೋಚಿಸಿದೆ, ತಿಳಿಯಲಿಲ್ಲ.

ಪ್ಲಾನಿನ ಎರಡನೆಯ ಪುಟ ಕಣ್ಣ ಮುಂದೆ ಬಂತು. ಭಾನುವಾರ ಎಂಟಕ್ಕೆ ಕಾರು. ಎಂಟೂವರೆಗೆ ಬ್ಯಾಂಕು. ಒಂಬತ್ತಕ್ಕೆ ತರಕಾರಿ. ಒಂಬತ್ತೂವರೆಗೆ ಪೆಟ್ರೋಲು. ದುಬೈನಲ್ಲಿ ಭಾನುವಾರವೆಂದರೆ ವಾರದ ಎರಡನೆಯ ಕೆಲಸದ ದಿನ. ಶಾಲೆ, ಆಫೀಸು, ಬ್ಯಾಂಕು ಎಲ್ಲ ಜೋರಾಗಿ ನಡೆಯುವ ದಿನ. ಅದನ್ನೇ ಎತ್ತಿ ಫ್ರಾನ್ಸಿಗೆ ಕೊಂಡುಹೋಗಿ ಇಟ್ಟಿದ್ದೆ. ನಮ್ಮ ರಜೆಯ ಶುಕ್ರವಾರವನ್ನೂ ಅದರ ಹಿಂದೆಯೇ ಸಾಗಿಸಿದ್ದೆ.

"ನಿನಗೆ ಗೊತ್ತಿರ್ಲಿಲ್ವೇನೇ?" ಎಂದು ಮಗಳನ್ನು ಕೇಳಿದೆ.

"ಇಟ್ಸ್ ಇನ್ ಚಾಪ್ಟರ್ ಫೋರ್, ಅಮ್ಮ. ಸಂಡೇ ಎವೆರಿಥಿಂಗ್ ಈಸ್ ಕ್ಲೋಸ್ಡ್, ದೇ ಗೋ ಟು ಗ್ರ್ಯಾಂಡ್‌ಮಾಸ್ ಹೌಸ್. ಐ ಥಾಟ್ ಯೂ ನ್ಯೂ."

ಅವಳು ಇಲ್ಲೇ ಹುಟ್ಟಿದವಳು. ಅವಳಿಗೆ ಭಾನುವಾರದ ರಜೆ ಎಂಬುದು ಪಾಠದ ಪುಸ್ತಕದ ವಿಷಯ. ಆದರೆ ನಾನು? ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ನನಗೆ ಭಾನುವಾರದ ವಾಸನೆ ಗೊತ್ತಿತ್ತು. ಹರಳೆಣ್ಣೆ, ಸೀಗೇಪುಡಿ, ಹನ್ನೊಂದು ಗಂಟೆಗೆ ಬಿಸಿ ದೋಸೆ, ಅಂಗಳದಲ್ಲಿ ಕೂದಲು ಒಣಗಿಸುವುದು. ವಾರವಿಡೀ ನಾವು ಅದಕ್ಕಾಗಿ ಕಾಯುತ್ತಿದ್ದೆವು. ಅಂಥ ದಿನವನ್ನು ನಾನು ಕೈ ಜಾರಿ ಎಲ್ಲಿ ಬೀಳಿಸಿಕೊಂಡೆ, ಯಾವ ವರ್ಷ ಬೀಳಿಸಿಕೊಂಡೆ ಎಂದೇ ಗೊತ್ತಾಗಿರಲಿಲ್ಲ. ನನಗೆ ನಿಜವಾಗಿ ದುಃಖವಾಯಿತು. ಸೆಂಟರಿನವರು ಕುರ್ಚಿ ಎಳೆದು ಕೊಟ್ಟು, "ಕೂತ್ಕೊಳ್ಳಿ ಅಕ್ಕ. ನಂಗೂ ನೆನ್ಪಾಗ್ಲಿಲ್ಲ. ಇಷ್ಟು ಸಲ ಓದಿದ್ದೇನೆ ನಾನು," ಎಂದರು.

ಮನೆಗೆ ನಡೆಯುತ್ತಾ ಯೋಚಿಸಿದೆ. ಗಂಡನಿಗೆ ಹೇಳದೆ ತಿದ್ದಿಬಿಡಬಹುದು. ಆದರೆ ಕಾರನ್ನು ಶನಿವಾರ ಮಧ್ಯಾಹ್ನದೊಳಗೆ ಪಡೆಯಬೇಕಾದರೆ ನಾನೂ ಮಗಳೂ ಒಂದು ದಿನ ಮೊದಲೇ ಗ್ರೆನೋಬಲ್ ತಲುಪಬೇಕು. ಅಂದರೆ ಟಿಕೆಟ್ ಬದಲಾಗಬೇಕು. ಮುಚ್ಚಿಡಲು ಆಗುವುದಿಲ್ಲ. ಹೇಳಿದರೆ ಅವರ ನಿಯಮದ ಪ್ರಕಾರ ಮೈಸೂರು. ಲಿಫ್ಟಿನಲ್ಲಿ ಆರನೆಯ ಮಹಡಿ ಬರುವಷ್ಟರಲ್ಲಿ ನನ್ನ ದುಃಖವೆಲ್ಲ ಸಿಟ್ಟಾಗಿ ತಿರುಗಿತ್ತು. ಒಳಗೆ ಹೋದವಳೇ ಆರು ಪುಟಗಳನ್ನು ಅವರ ಮುಂದೆ ಹರಡಿದೆ.

"ಇದಕ್ಕೆ ಸಹಿ ಹಾಕಿದ್ದು ಯಾರ್ರೀ?"

"ನಾನೇ. ಯಾಕೆ?"

"ಎರಡನೇ ಪುಟ ಓದಿ. ಭಾನುವಾರ ಅಂತ ಇದೆಯಲ್ಲ, ಅಲ್ಲಿ."

ಓದಿದರು. ಮತ್ತೆ ಓದಿದರು. ಕನ್ನಡಕ ತೆಗೆದರು. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಾನು ಅಷ್ಟರಲ್ಲಿ ಶುರು ಮಾಡಿಯಾಗಿತ್ತು. "ನೀವೇ ದಿನಾ ಹೇಳ್ತೀರಲ್ಲ, ಡ್ರಾಯಿಂಗ್ ತಪ್ಪಿದ್ರೆ ಬರೆದವನದ್ದು ತಪ್ಪು, ಅಪ್ರೂವ್ ಆದ್ಮೇಲೆ ಅಪ್ರೂವ್ ಮಾಡಿದವನದ್ದು ತಪ್ಪು ಅಂತ. ಇಡೀ ಶುಕ್ರವಾರ ಕೂತು ನೋಡಿದ್ರಿ. ಮೊಸರು ಎಲ್ಲಿ ಅಂತ ಕೇಳಿದ್ರಿ. ಭಾನುವಾರ ಎಲ್ಲಿ ಅಂತ ಕೇಳ್ಲಿಲ್ಲ. ಈಗ ಮೈಸೂರಿಗೆ ಹೋಗೋದಾದ್ರೆ ನೀವೂ ಬನ್ನಿ, ಒಟ್ಟಿಗೆ ಹೋಗೋಣ."

ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟರು. "ನಮ್ಮಪ್ಪ ಭಾನುವಾರ ಬಿಟ್ಟು ಬೇರೆ ದಿನ ಕ್ಷೌರ ಮಾಡಿಸ್ಕೊಂಡೋರಲ್ಲ. ನನಗೂ ನೆನಪಾಗ್ಲಿಲ್ವಲ್ಲೇ," ಎಂದರು. ಆಮೇಲೆ ಕಾಗದ ಜೋಡಿಸಿ ನನ್ನ ಕಡೆ ತಳ್ಳಿ, "ಸರಿ, ಇನ್ನೊಂದು ರಿವಿಷನ್ ಮಾಡು. ನಾನೇನು ಮಾಡ್ಲಿ, ಹೇಳು," ಎಂದರು.

ಮದುವೆಯಾಗಿ ಹದಿನೇಳು ವರ್ಷದಲ್ಲಿ ಆ ಮನುಷ್ಯ 'ನಾನೇನು ಮಾಡ್ಲಿ' ಎಂದು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಆ ಖುಷಿಯನ್ನು ತೋರಿಸಿಕೊಳ್ಳಲಿಲ್ಲ, ಕೆಲಸ ಹೇಳಿದೆ.

ಶುಕ್ರವಾರ ನಮ್ಮ ಮನೆ ಯುದ್ಧಭೂಮಿ. ಅದೃಷ್ಟ ನೋಡಿ, ನಮಗೆ ರಜೆಯಿದ್ದ ಆ ದಿನ ಫ್ರಾನ್ಸ್ ಪೂರ್ತಿ ಕೆಲಸ ಮಾಡುತ್ತಿತ್ತು. ಮಗಳು ಬೆಳಿಗ್ಗೆ ಹನ್ನೊಂದಕ್ಕೆ ಬಾಡಿಗೆ ಕಾರಿನವರಿಗೆ ಫೋನು ಹಚ್ಚಿದಳು. ನಿಜವಾದ ಫ್ರೆಂಚರ ಜೊತೆ ಅವಳು ಮಾತಾಡಿದ್ದು ಅದೇ ಮೊದಲು. ಆ ಕಡೆಯವನು ಏನೋ ಕೇಳಿದ, ಇವಳು ಏನೋ ಹೇಳಿದಳು, ಇಬ್ಬರೂ ನಕ್ಕರು. ಫೋನು ಇಟ್ಟವಳೇ, "ಸ್ಯಾಟರ್‌ಡೇ ನೈನ್ ಟು ಟ್ವೆಲ್ವ್ ದೇ ಆರ್ ಓಪನ್! ಅಮ್ಮ, ಹೀ ಅಂಡರ್‌ಸ್ಟುಡ್ ಮೀ!" ಎಂದು ಸೋಫಾದ ಮೇಲೆ ಹತ್ತಿ ಕುಣಿದಳು. ಗಂಡ ನಾಲ್ಕು ಗಂಟೆಗೇ ಹೋಗಿ, ಶುಕ್ರವಾರ ಐದರ ಮೇಲೆ ತೆರೆಯುವ ಟ್ರಾವೆಲ್ ಆಫೀಸಿನ ಮುಂದೆ, ಶಟರು ಎತ್ತುವ ಮೊದಲೇ, ಬಿಸಿಲಿನಲ್ಲಿ ನಿಂತರು. ಸಂಜೆ ಬೆವರು ಸುರಿಸುತ್ತಾ ಬಂದು, ಹೊಸ ಟಿಕೆಟ್‌ಗಳನ್ನು ಮೇಜಿನ ಮೇಲಿಟ್ಟು, ಫ್ಯಾನಿನ ಕೆಳಗೆ ಕೂತರು. ನಾನು ಮಜ್ಜಿಗೆ ತಂದುಕೊಟ್ಟೆ.

ಹೊಸ ಪ್ಲಾನು ಹಳೆಯದಕ್ಕಿಂತ ಚೆನ್ನಾಗಿತ್ತು, ಜಂಬಕ್ಕೆ ಹೇಳುತ್ತಿಲ್ಲ. ಶನಿವಾರ ಮಧ್ಯಾಹ್ನದೊಳಗೆ ಕಾರು, ತರಕಾರಿ, ಪೆಟ್ರೋಲು ಎಲ್ಲ ಮುಗಿಸಿ ಹೊರಡುವುದು, ಸಂಜೆಗೆ ಹಳ್ಳಿ ಸೇರುವುದು. ಭಾನುವಾರದ ಎದುರು 'ಏನೂ ಮಾಡುವುದಿಲ್ಲ' ಎಂದು ಬರೆದೆ. ಬರೆಯುವಾಗ ಕೈಗೆ ಹಿತವೆನಿಸಿತು. ಶುಕ್ರವಾರದ ಖಾಲಿ ದಿನ ಕಂದರದ ದಾರಿಗೆ ಸಿಕ್ಕಿತು. ಮೊದಲ ಪುಟದ ಮೊದಲ ಸಾಲಿನಲ್ಲಿ ಎಂದಿನಂತೆ ನನ್ನನ್ನೇ ಬರೆದೆ. ಈ ಸಲ ಅದನ್ನು ತಿದ್ದಲು ಅವರಿಗೆ ಸಮಯವಿರಲಿಲ್ಲ, ಕೇಳಲು ನನಗೆ ಮನಸ್ಸಿರಲಿಲ್ಲ.

ಶನಿವಾರ ಬೆಳಿಗ್ಗೆ ಅಬುಧಾಬಿಗೆ ಅವರೇ ಓಡಿಸಿದರು. ವೀಸಾ ಕಚೇರಿಯಲ್ಲಿ ನಮ್ಮನ್ನು ಕರೆದಿದ್ದು ಅರವತ್ತರ ಹತ್ತಿರದ ಒಬ್ಬ ಫ್ರೆಂಚ್ ಅಧಿಕಾರಿಣಿ. ಕನ್ನಡಕದ ಸರಪಳಿ ಕತ್ತಿನಲ್ಲಿ. ಪಾಸ್‌ಪೋರ್ಟು, ಸಂಬಳದ ಪತ್ರ, ಟಿಕೆಟು ಎಲ್ಲವನ್ನೂ ಸರಸರ ನೋಡಿ ಬದಿಗಿಟ್ಟ ಅವರು ನನ್ನ ಪ್ಲಾನಿಗೆ ಬಂದಾಗ ನಿಧಾನವಾದರು. ಒಂದೊಂದೇ ಪುಟ. ಭಾನುವಾರದ ಸಾಲಿಗೆ ಬಂದಾಗ ಅವರ ತುಟಿ ಅರಳಿತು. ಇಂಗ್ಲಿಷಿನಲ್ಲಿ, "ಏನೂ ಮಾಡುವುದಿಲ್ಲ! ಇಲ್ಲಿಗೆ ಬಂದು ಐದು ವರ್ಷವಾಯಿತು, ನನಗೇ ಭಾನುವಾರ ಮರೆತುಹೋಗಿದೆ," ಎಂದರು. ನಾನೂ ಗಂಡನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಐದನೆಯ ಪುಟದಲ್ಲಿ ಅವರ ಬೆರಳು ನಿಂತಿತು. "ವೆರ್ದೋನ್ ಕಂದರಕ್ಕೆ ಎರಡು ದಂಡೆಯಲ್ಲೂ ರಸ್ತೆ ಇದೆ. ಎಲ್ಲರೂ ಉತ್ತರದ ದಂಡೆಯಲ್ಲಿ ಹೋಗುತ್ತಾರೆ, ಅದೇ ಹತ್ತಿರ. ನೀವು ಯಾಕೆ ದಕ್ಷಿಣದ್ದು ಹಿಡಿದಿರಿ?"

ನಾನು ನಕ್ಷೆಯನ್ನು ಕಣ್ಣು ಮುಚ್ಚಿ ಬಿಡಿಸಬಲ್ಲವಳಾಗಿದ್ದೆ. "ನಾವು ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತೇವೆ. ರಸ್ತೆಯ ಬಲಗಡೆ ಓಡಿಸಬೇಕು, ಪಕ್ಕದ ಸೀಟೂ ಬಲಕ್ಕೇ. ಉತ್ತರದ ದಂಡೆಯಲ್ಲಿ ಹೋದರೆ ಕಂದರ ಬಲಕ್ಕೆ ಬರುತ್ತದೆ, ಪಕ್ಕದ ಸೀಟಿನವರ ಕಿಟಕಿಯ ಕೆಳಗೇ ಪಾತಾಳ. ದಕ್ಷಿಣದಲ್ಲಿ ಹೋದರೆ ಕಂದರ ಎಡಕ್ಕೆ, ಎದುರು ಬರುವ ಗಾಡಿಗಳ ಆಚೆ. ಪಕ್ಕದ ಸೀಟಿಗೆ ಗುಡ್ಡದ ಗೋಡೆ," ಎಂದೆ. ಆಮೇಲೆ ಹೇಳಲೋ ಬೇಡವೋ ಎಂದು ಅನುಮಾನಿಸಿ ಹೇಳಿಬಿಟ್ಟೆ. "ನನ್ನ ಗಂಡನಿಗೆ ಎತ್ತರ ಎಂದರೆ ಭಯ."

ಅದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಿಷಯ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಅವರು ಗೋಡೆಗೆ ಬೆನ್ನು ಹಚ್ಚಿಯೇ ನಿಲ್ಲುವುದನ್ನು ನಾನು ಎಷ್ಟೋ ವರ್ಷದಿಂದ ನೋಡುತ್ತಿದ್ದೆ. ಆರು ಪುಟವನ್ನು ಅಷ್ಟು ಸಲ ಜಾಲಾಡಿದವರು ಆ ದಾರಿ ಯಾಕೆ ಹಾಗಿದೆ ಎಂದು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಈಗ ಅವರು ನನ್ನತ್ತ ತಿರುಗಿ ನೋಡುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ನಾನು ಮೇಜಿನ ಮೇಲಿದ್ದ ಪೆನ್ನನ್ನೇ ನೋಡುತ್ತಿದ್ದೆ.

ಅಧಿಕಾರಿಣಿ ಮೊದಲ ಪುಟಕ್ಕೆ ಹಿಂದಿರುಗಿದರು. "ಇಷ್ಟು ಬೆಟ್ಟದ ದಾರಿ. ಕಾರು ಓಡಿಸುವವರು ಯಾರು?" ಪ್ರಶ್ನೆ ಕೇಳಿದ್ದು ನನ್ನನ್ನಲ್ಲ, ಗಂಡನನ್ನು.

ಹತ್ತು ವಾರದ ಜಗಳವೆಲ್ಲ ಆ ಒಂದು ಉತ್ತರಕ್ಕೆ ಬಂದು ನಿಂತಿತ್ತು.

"ಇವಳು," ಎಂದರು. ಹೇಳಿದ್ದು ಕನ್ನಡದಲ್ಲಿ. ಆಮೇಲೆ ಎಚ್ಚೆತ್ತು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ, "ನನ್ನ ಹೆಂಡತಿ. ದಾರಿ ಹುಡುಕಿದ್ದು ಅವಳು, ಓಡಿಸುವುದೂ ಅವಳೇ. ನಾನು ಜೊತೆಗೆ ಹೋಗುತ್ತಿದ್ದೇನೆ ಅಷ್ಟೆ," ಎಂದರು.

ಮಧ್ಯಾಹ್ನ ಎರಡು ಗಂಟೆಗೆ ಮೂರು ಪಾಸ್‌ಪೋರ್ಟೂ ವೀಸಾ ಸಮೇತ ಕೈಗೆ ಬಂದವು. ಮಗಳು ಅಲ್ಲೇ ಪಾದಚಾರಿ ದಾರಿಯಲ್ಲಿ ಕುಣಿದಳು. ಕಾರಿನ ಹತ್ತಿರ ಬಂದಾಗ ಗಂಡ ಎಂದಿನ ಹಾಗೆ ಎಡಗಡೆ, ಸ್ಟೀರಿಂಗಿನ ಬದಿಗೆ ಹೋಗಲಿಲ್ಲ. ಬಲಗಡೆಯ ಬಾಗಿಲು ತೆಗೆದು ಕೂತು, ಬೆಲ್ಟು ಹಾಕಿಕೊಂಡು, ಕೀಲಿಯನ್ನು ನನ್ನ ಸೀಟಿನ ಮೇಲಿಟ್ಟರು. ನಾನು ಸೀಟು ಮುಂದಕ್ಕೆ ಎಳೆದುಕೊಂಡೆ, ಕನ್ನಡಿ ಸರಿಮಾಡಿದೆ, ಹೊರಟೆ. ಊರು ಬಿಡುವವರೆಗೆ ಅವರು ಎರಡು ಸಲ "ಸಿಗ್ನಲ್, ಸಿಗ್ನಲ್" ಎಂದರು. ಹೆದ್ದಾರಿಗೆ ಬಂದ ಮೇಲೆ ಸುಮ್ಮನಾದರು. ನೂರಿಪ್ಪತ್ತರಲ್ಲಿ ಹೋಗುತ್ತಿದ್ದೆ. ಏನೂ ಹೇಳುತ್ತಿಲ್ಲವಲ್ಲ, ಸಿಟ್ಟೋ ಭಯವೋ ಎಂದು ಅರ್ಧ ದಾರಿಯಲ್ಲಿ ಒಂದು ಕ್ಷಣ ಪಕ್ಕಕ್ಕೆ ತಿರುಗಿ ನೋಡಿದೆ.

ಅವರು ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಮಾಡುತ್ತಿದ್ದರು. ನನಗೆ ಜೋರಾಗಿ ಕೂಗಿಕೊಳ್ಳಬೇಕು ಎನ್ನಿಸುವಷ್ಟು ಸಂತೋಷವಾಯಿತು. ಆದರೆ ಎದ್ದುಬಿಟ್ಟಾರೆಂದು ದುಬೈ ಮುಟ್ಟುವವರೆಗೂ ತುಟಿ ಬಿಗಿಹಿಡಿದು ಓಡಿಸಿದೆ.